ಬೈಕಿನ ಸಿಸಿಯೂ ಸವಾರನ ಸುರಕ್ಷತೆಯೂ

ದೇಹವನ್ನು ದೇಗುಲವೆಂದು ಕಂಡ ಶರಣ ಪರಂಪರೆಯಲ್ಲಿ ಆರೋಗ್ಯದ ಅರ್ಥ ವಿಶಾಲವಾದುದು. ಕಾಯಕಕ್ಕೆ ಒದಗುವ ಕಾಯವನ್ನು ಊನವಾಗದಂತೆ ಕಾಪಾಡಿಕೊಳ್ಳುವುದೂ ಅದರಲ್ಲಿ ಸೇರಿದೆ. 5ರಿಂದ 29 ವರ್ಷದೊಳಗಿನವರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ರಸ್ತೆ ಅಪಘಾತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗೆಗೆ ಬರೆಯುವ ಪುಟಗಳಲ್ಲಿ ಮೋಟಾರ್ ಸೈಕಲ್ಲಿನ ವಿಚಾರ ಬಂದರೆ ಸದ್ಭಕ್ತರು ಅಚ್ಚರಿಪಡಬೇಕಾಗಿಲ್ಲ.

ಪಿಯುಸಿ ಫಲಿತಾಂಶ ಬಂದ ಮೇಲೆ, ಭತ್ತ ಮಾರಿದ ಹಣ ಕೈಸೇರಿದ ಮೇಲೆ, ದೀಪಾವಳಿಯ ಪಾಡ್ಯ ಸಮೀಪಿಸಿದಾಗ, ಗಂಗಾವತಿಯಿಂದ ಯಲಬುರ್ಗಿಯವರೆಗೆ ಎಷ್ಟೋ ಮನೆಗಳಲ್ಲಿ ಒಂದೇ ವಾದ ನಡೆಯುತ್ತದೆ. ಮಗನಿಗೆ ದೊಡ್ಡ ಗಾಡಿ ಬೇಕು. “ಸಣ್ಣದು ತಗೊಳ್ಳಪ್ಪ, ದೊಡ್ಡದು ಜೀವಕ್ಕೆ ಎರವಾದೀತು” ಎಂಬುದು ತಾಯಿಯ ಅಳಲು. ಕೊನೆಗೆ ಮಾತು ನಿಲ್ಲುವುದು ಸಿಸಿ ಎಷ್ಟು ಎಂಬ ಒಂದು ಸಂಖ್ಯೆಯ ಮೇಲೆ. ತಾಯಿಯ ಭಯ ಆಧಾರವಿಲ್ಲದ್ದಲ್ಲ. ಆದರೆ ಆ ಭಯದ ಬೆನ್ನಿಗೇ ಇನ್ನೊಂದು ನಂಬಿಕೆ ಅಂಟಿಕೊಂಡಿದೆ: ಸಣ್ಣ ಎಂಜಿನ್ನಿನ ಗಾಡಿಯಿಂದ ಅಂಥ ಕೇಡೇನೂ ಆಗದು ಎಂಬುದು. ಮಗನಿಗೆ ದೊಡ್ಡ ಬೈಕು ಬೇಡವೆಂದ ತಂದೆಯೇ ಮರುದಿನ ಬೆಳಿಗ್ಗೆ ತಲೆಗೆ ಟವೆಲ್ಲು ಸುತ್ತಿ, ಮುಂದೆ ಮೊಮ್ಮಗನನ್ನು ನಿಲ್ಲಿಸಿಕೊಂಡು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಎಕ್ಸ್‌ಎಲ್ ಗಾಡಿಯಲ್ಲಿ ಹೆದ್ದಾರಿ ದಾಟುತ್ತಾನೆ. ಈ ಎರಡನೆಯ ನಂಬಿಕೆಯೇ ನಮ್ಮ ಭಾಗದಲ್ಲಿ ಹೆಚ್ಚು ಅಪಾಯಕಾರಿ ಎಂಬುದು ಈ ಲೇಖನದ ವಾದ.

ಮೊದಲು ಸಿಸಿ ಎಂದರೇನೆಂಬುದನ್ನು ತಿಳಿಯೋಣ. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಎಷ್ಟು ಜಾಗವನ್ನು ಕ್ರಮಿಸುತ್ತದೆಯೋ ಅದರ ಅಳತೆ ಅದು. ಘನ ಸೆಂಟಿಮೀಟರುಗಳಲ್ಲಿ ಹೇಳುತ್ತಾರೆ. 100 ಸಿಸಿ ಎಂದರೆ ಲೀಟರಿನ ಹತ್ತನೆಯ ಒಂದು ಪಾಲು, ಹೋಟೆಲಿನ ಒಂದು ಸಣ್ಣ ಲೋಟ ಚಹಾದಷ್ಟು. ಆ ಜಾಗದಲ್ಲಿ ಗಾಳಿಯೂ ಪೆಟ್ರೋಲೂ ಬೆರೆತು ಉರಿಯುತ್ತವೆ. ಜಾಗ ದೊಡ್ಡದಾದಷ್ಟೂ ಒಮ್ಮೆಗೆ ಹೆಚ್ಚು ಇಂಧನ ಉರಿದೀತು, ನಿಜ. ಆದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಮಿಶ್ರಣವನ್ನು ಎಷ್ಟು ಒತ್ತುತ್ತದೆ, ಅದನ್ನು ತಂಪಾಗಿಡುವ ವ್ಯವಸ್ಥೆ ಎಂಥದು ಎಂಬುದರ ಮೇಲೂ ಶಕ್ತಿ ನಿಂತಿದೆ. ಜೊತೆಗೆ ಆ ಶಕ್ತಿ ಎಷ್ಟು ಭಾರವನ್ನು ಎಳೆಯಬೇಕು ಎಂಬ ಪ್ರಶ್ನೆ ಬೇರೆ.

ನಮ್ಮ ರಸ್ತೆಗಳಲ್ಲಿ ಕಾಣುವ ಗಾಡಿಗಳನ್ನೇ ನೋಡಬಹುದು. ಹೀರೊ ಸ್ಪ್ಲೆಂಡರ್ 97.2 ಸಿಸಿಯದು, ಸುಮಾರು 8 ಅಶ್ವಶಕ್ತಿ, 112 ಕಿಲೊ ತೂಕ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 349 ಸಿಸಿಯದು. ಸುಮಾರು 20 ಅಶ್ವಶಕ್ತಿ, ತೂಕ ಮಾತ್ರ 195 ಕಿಲೊ. ಯಮಹಾ ಆರ್15 ಕೇವಲ 155 ಸಿಸಿ. ಆದರೆ ಸುಮಾರು 18 ಅಶ್ವಶಕ್ತಿ, ತೂಕ 140 ಕಿಲೊದ ಆಸುಪಾಸು. ಪ್ರತಿ 100 ಕಿಲೊ ತೂಕಕ್ಕೆ ಎಷ್ಟು ಅಶ್ವಶಕ್ತಿ ಎಂದು ಲೆಕ್ಕ ಹಾಕಿದರೆ ಸ್ಪ್ಲೆಂಡರಿಗೆ 7, ಕ್ಲಾಸಿಕ್‌ಗೆ 10, ಆರ್15ಗೆ 13 ಬರುತ್ತದೆ. ಸಿಸಿಯಲ್ಲಿ ಬುಲೆಟ್ಟಿನ ಅರ್ಧಕ್ಕೂ ಕಡಿಮೆಯಿರುವ ಗಾಡಿ ಚಿಮ್ಮುವುದರಲ್ಲಿ ಅದನ್ನು ಮೀರಿಸುತ್ತದೆ. “350 ಬೇಡ, 150 ಕೊಡಿಸಿದ್ದೇವೆ” ಎಂದು ಸಮಾಧಾನಪಡುವ ಹೆತ್ತವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಇನ್ನು ವಿದ್ಯುತ್ ಸ್ಕೂಟರಿಗಂತೂ ಸಿಸಿಯೇ ಇಲ್ಲ. ಹಾಗೆಂದು ಅದು ಬಿದ್ದರೆ ಪೆಟ್ಟಾಗದೆಂದು ಯಾರೂ ಹೇಳಲಾರರು.

ಇನ್ನೊಂದು ತಪ್ಪು ಎಣಿಕೆಯಲ್ಲಿ ಆಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು; ನೂರಕ್ಕೆ 44ಕ್ಕೂ ಹೆಚ್ಚು. ಕರ್ನಾಟಕವೊಂದರಲ್ಲೇ ಆ ವರ್ಷ ಒಟ್ಟು 11,702 ಜನ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು. ವರದಿ ದ್ವಿಚಕ್ರ ವಾಹನಗಳನ್ನೆಲ್ಲ ಒಂದೇ ಸಾಲಿನಲ್ಲಿ ಎಣಿಸುತ್ತದೆ. ಹೀಗಿರುವಾಗ, ಆಸ್ಪತ್ರೆಯಲ್ಲಿ ಮಲಗಿದವರಲ್ಲಿ ಹೆಚ್ಚಿನವರು ಸಣ್ಣ ಗಾಡಿಯಿಂದ ಬಿದ್ದವರು ಎಂದು ಯಾರಾದರೂ ಹೇಳಿದರೆ ಏನೆಂದು ತಿಳಿಯಬೇಕು? ಒಂದು ಊರಿನಲ್ಲಿ 90 ಸಣ್ಣ ಬೈಕುಗಳೂ 10 ದೊಡ್ಡ ಬೈಕುಗಳೂ ಇವೆ ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ ಸಣ್ಣವುಗಳಲ್ಲಿ 9, ದೊಡ್ಡವುಗಳಲ್ಲಿ 2 ಅಪಘಾತಕ್ಕೆ ಸಿಕ್ಕಿದವು. ಗಾಯಾಳುಗಳ ಎಣಿಕೆಯಲ್ಲಿ ಸಣ್ಣ ಬೈಕು ಮುಂದು. ಆದರೆ ಸಣ್ಣ ಬೈಕಿಗೆ ಹತ್ತರಲ್ಲಿ ಒಂದು ಪಾಲು, ದೊಡ್ಡದಕ್ಕೆ ಐದರಲ್ಲಿ ಒಂದು ಪಾಲು ಅಪಾಯ. ಈ ಕಾಲ್ಪನಿಕ ಊರಿನಲ್ಲಿ ತಾಯಿಯ ಮಾತೂ ನಿಜ, ಆಸ್ಪತ್ರೆಯ ಅನುಭವವೂ ನಿಜ. ಒಬ್ಬ ಸವಾರನ ಅಪಾಯ ಬೇರೆ, ಊರಿನ ಒಟ್ಟು ದುಃಖ ಬೇರೆ. ದುಃಖದ ದೊಡ್ಡ ಪಾಲು ಸಣ್ಣ ಗಾಡಿಗಳಿಂದ ಬರುತ್ತಿದ್ದರೆ ಅವುಗಳನ್ನು ನಿರ್ಲಕ್ಷಿಸಲಾಗದು.

ಸಿಸಿ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಯನ್ನು ಹೊರದೇಶಗಳಲ್ಲಿ ಶ್ರದ್ಧೆಯಿಂದ ಪರೀಕ್ಷಿಸಿದ್ದಾರೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದಲ್ಲಿ 900 ಅಪಘಾತಗಳ ಸ್ಥಳಕ್ಕೇ ಹೋಗಿ ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟರು. ದೊಡ್ಡ ಎಂಜಿನ್ನಿನ ಬೈಕುಗಳು ರಸ್ತೆಯಲ್ಲಿ ಇರುವ ಪ್ರಮಾಣಕ್ಕಿಂತ ಕಡಿಮೆ ಅಪಘಾತಗಳಿಗೆ ಒಳಗಾಗಿದ್ದವು. ಆದರೆ ಒಮ್ಮೆ ಅಪಘಾತವಾದರೆ ಅವುಗಳ ಸವಾರರ ಗಾಯ ಹೆಚ್ಚು ತೀವ್ರವಾಗಿತ್ತು. ನ್ಯೂಜಿಲೆಂಡಿನಲ್ಲಿ ಕಲಿಯುವವರಿಗೆ 250 ಸಿಸಿಯ ಮಿತಿಯಿತ್ತು. ಅಲ್ಲಿನ ಆಕ್ಲೆಂಡ್ ಭಾಗದ ಅಪಘಾತಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನ, ಸಿಸಿ ಏರಿದಂತೆ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ಎಂಬುದಕ್ಕೆ ಸ್ಥಿರವಾದ ಆಧಾರವನ್ನು ಕಾಣಲಿಲ್ಲ. 2010ರ ಫಿನ್ಲೆಂಡಿನ ಅಧ್ಯಯನ ಸಿಸಿಯನ್ನು ಬದಿಗಿಟ್ಟು ಶಕ್ತಿಯನ್ನೂ ಶಕ್ತಿ–ತೂಕದ ಅನುಪಾತವನ್ನೂ ನೋಡಿತು; ಅವು ಏರಿದಂತೆ ಸಾವಿನ ಅಪಘಾತ ಏರುವುದು ಅಲ್ಲಿ ಕಂಡುಬಂತು. ಆಸ್ಟ್ರೇಲಿಯದ ರಾಜ್ಯಗಳು ಹೊಸ ಸವಾರರಿಗೆ ಸಿಸಿಯ ಜೊತೆಗೆ ಶಕ್ತಿ–ತೂಕದ ಮಿತಿಯನ್ನೂ ಹಾಕಿರುವುದು ಇದೇ ವಿಚಾರದಿಂದ.

ಆ ದೇಶಗಳ ದೊಡ್ಡ ಬೈಕು ಎಂದರೆ 600, 1000 ಸಿಸಿಯದು. ನಮ್ಮಲ್ಲಿ ದೊಡ್ಡದೆನಿಸುವ 350 ಅಲ್ಲಿ ಕಲಿಯುವವರ ಗಾಡಿ. ಆದ್ದರಿಂದ ಆ ಸಂಖ್ಯೆಗಳನ್ನು ಹಾಗೆಯೇ ಕೊಪ್ಪಳಕ್ಕೆ ತರುವುದು ಸಲ್ಲದು. ಆದರೆ ಹರ್ಟ್ ವರದಿಯ ಮೂರು ಮಾತುಗಳು ನಮಗೂ ಒಪ್ಪುತ್ತವೆ. ಅಪಘಾತಕ್ಕೆ ಒಳಗಾದ ಸವಾರರಲ್ಲಿ ನೂರಕ್ಕೆ 92 ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ನಮ್ಮೂರುಗಳಲ್ಲಿ ಬೈಕು ಕಲಿಯುವ ರೀತಿಯೂ ಇದೇ. ಅರ್ಧಕ್ಕಿಂತ ಹೆಚ್ಚಿನವರು ಆ ನಿರ್ದಿಷ್ಟ ಬೈಕನ್ನು ಐದು ತಿಂಗಳಿಗಿಂತ ಕಡಿಮೆ ಓಡಿಸಿದ್ದವರು, ಒಟ್ಟು ಅನುಭವ ಮೂರು ವರ್ಷದಷ್ಟಿದ್ದರೂ. ಅಂದರೆ ಹೊಸ ಗಾಡಿ ಮನೆಗೆ ಬಂದ ಮೊದಲ ತಿಂಗಳುಗಳೇ ಎಚ್ಚರದ ಕಾಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಡಿಕ್ಕಿಯ ಕ್ಷಣದಲ್ಲಿ ಆ ಗಾಡಿಗಳ ಮಧ್ಯಮ ವೇಗ ಗಂಟೆಗೆ ಸುಮಾರು 35 ಕಿಲೊಮೀಟರ್ ಮಾತ್ರವಾಗಿತ್ತು. ಅಷ್ಟು ವೇಗ ಯಾವ ಸಣ್ಣ ಗಾಡಿಗೂ ಉಂಟು.

ಎಂಜಿನ್ನಿನ ಅಳತೆಯನ್ನು ಸುರಕ್ಷತೆಯ ಅಳತೆಯಾಗಿ ಬಳಸಿದ ಪ್ರಸಂಗ ನಮ್ಮ ರಾಜ್ಯದಲ್ಲೇ ನಡೆಯಿತು. 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳಲ್ಲಿ, 100 ಸಿಸಿಗಿಂತ ಕಡಿಮೆಯ ಮೋಟಾರ್ ಸೈಕಲ್ಲಿಗೆ ಹಿಂಬದಿಯ ಸೀಟು ಇರಕೂಡದೆಂಬ ನಿಯಮವೊಂದಿತ್ತು. ಅದು ಬಹುಕಾಲ ಪುಸ್ತಕದಲ್ಲೇ ಉಳಿದಿತ್ತು. ಹೈಕೋರ್ಟಿನ ಮುಂದೆ ಬಂದ ಅಪಘಾತ ವಿಮೆಯ ಪ್ರಕರಣವೊಂದರ ತರುವಾಯ 2017ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಹೊಸ ವಾಹನಗಳಿಗೆ ಅದನ್ನು ಅನ್ವಯಿಸುವಂತೆ ಸುತ್ತೋಲೆ ಹೊರಡಿಸಿತು. ಆಗ ಎಲ್ಲರಿಗೂ ಹೊಳೆದ ಸಂಗತಿಯೆಂದರೆ, ಹಳ್ಳಿ ಹಳ್ಳಿಯಲ್ಲಿ ಇಬ್ಬರನ್ನು ಹೊತ್ತು ಓಡಾಡುವ ಸ್ಪ್ಲೆಂಡರ್ 97.2 ಸಿಸಿ, ರೈತರ ಎಕ್ಸ್‌ಎಲ್ 99.7 ಸಿಸಿ! ಮೂರು ಬಿಂದು ನೂರಕ್ಕೆ ಕಡಿಮೆ ಬಿದ್ದ ಕಾರಣ ಹೆಂಡತಿಯನ್ನು ಸಂತೆಗೆ ಕರೆದೊಯ್ಯುವಂತಿಲ್ಲ. ವಿರೋಧ ಬಂದಿತು, ಮಿತಿಯನ್ನು 50 ಸಿಸಿಗೆ ಇಳಿಸುವುದಾಗಿ ಸರ್ಕಾರ ಹೇಳಿತು. ನಕ್ಕು ಮರೆಯುವ ಪ್ರಸಂಗವಿದಲ್ಲ. ಸಣ್ಣ ಎಂಜಿನ್ನಿಗೆ ಹೆಚ್ಚು ಭಾರ ಹೊರಿಸಬಾರದೆಂಬ ಸರಿಯಾದ ವಿಚಾರ ಆ ನಿಯಮದ ಹಿಂದೆ ಇತ್ತು. ಇಬ್ಬರಿಗೇ ಸಂಶಯಪಟ್ಟ ಗಾಡಿಯ ಮೇಲೆ ನಾವು ನಾಲ್ವರನ್ನು ಹೇರುತ್ತೇವೆ.

ಹೇರಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ರಸ್ತೆಗಳನ್ನೇ ಗಮನಿಸಬೇಕು. ಕುಷ್ಟಗಿಯನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವಿಜಯಪುರದಿಂದ ಹೊಸಪೇಟೆಯತ್ತ ಲಾರಿಗಳು ಹಗಲಿರುಳು ಓಡುತ್ತವೆ. ಕೊಪ್ಪಳ, ಗಿಣಿಗೇರಿಗಳ ಹೆದ್ದಾರಿ 67ರಲ್ಲಿ ಕಾರ್ಖಾನೆಗಳ ವಾಹನಗಳ ಸಾಲು. ಗಂಗಾವತಿ–ಕಾರಟಗಿ ರಸ್ತೆಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರುಗಳು. ಗಂಟೆಗೆ 45 ಕಿಲೊಮೀಟರ್ ವೇಗದ ಲಾರಿಯೊಂದನ್ನು ಮೂವರು ಕುಳಿತ 100 ಸಿಸಿ ಬೈಕು 55ರ ವೇಗದಲ್ಲಿ ದಾಟಲು ಹೊರಟಿತೆನ್ನಿ. ಮೂವತ್ತು ಮೀಟರ್ ಮುಂದೆ ಸರಿಯಲು ಅದಕ್ಕೆ ಸುಮಾರು 11 ಸೆಕೆಂಡು ಬೇಕು. ಎದುರಿನಿಂದ 60ರ ವೇಗದಲ್ಲಿ ವಾಹನ ಬರುತ್ತಿದ್ದರೆ ಸುಮಾರು 350 ಮೀಟರ್ ಖಾಲಿ ರಸ್ತೆ ಇರಬೇಕು. 65ರ ವೇಗಕ್ಕೆ ಏರಬಲ್ಲ ಬೈಕಿಗಾದರೆ 190 ಮೀಟರ್ ಸಾಕು. ಹಾಗೆಂದು ದೊಡ್ಡ ಗಾಡಿ ಕೊಳ್ಳಿ ಎಂದು ಅರ್ಥವಲ್ಲ. ಸಣ್ಣ ಎಂಜಿನ್ನಿನ ಸವಾರ ಲಾರಿಯ ಹಿಂದೆಯೇ ತಾಳ್ಮೆಯಿಂದ ಉಳಿಯಬೇಕು ಎಂದಷ್ಟೇ.

ಹಿಂದಿನಿಂದ ಬರುವ ಅಪಾಯವೂ ಹೀಗೆಯೇ. ಮೇವಿನ ಹೊರೆ ಹೇರಿಕೊಂಡು 35ರ ವೇಗದಲ್ಲಿ ಮುಸ್ಸಂಜೆ ಹೆದ್ದಾರಿಗೆ ಬಂದ ಎಕ್ಸ್‌ಎಲ್‌ನ ಹಿಂದೀಪವನ್ನು ಹೊರೆಯೇ ಮರೆಮಾಡಿರುತ್ತದೆ. 80ರ ವೇಗದ ಲಾರಿಯ ಚಾಲಕನಿಗೆ ಅದು 60 ಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದರೆ, ನಡುವಿನ ಅಂತರ ಮುಗಿಯಲು ಐದು ಸೆಕೆಂಡೂ ಉಳಿದಿರುವುದಿಲ್ಲ. ಇಲ್ಲಿ ಗಾಡಿಯ ನಿಧಾನವೇ ಮುಳುವಾಗುತ್ತದೆ. ಸುಗ್ಗಿಯಲ್ಲಿ ಯಲಬುರ್ಗಿ, ಕುಷ್ಟಗಿಯ ಕಡೆ ರಸ್ತೆಯನ್ನೇ ಕಣ ಮಾಡಿ ರಾಶಿಗೆ ಹಾಸುವ ಹುರುಳಿ, ತೊಗರಿಯ ಕಟ್ಟಿಗೆಯ ಮೇಲೆ ಎರಡು ಚಕ್ರ ಜಾರುವುದಕ್ಕೆ ವೇಗ ಬೇಕಾಗಿಲ್ಲ. ನೀರಾವರಿ ಸೀಮೆಯಲ್ಲಿ ಒಣಗಲು ಹಾಕಿದ ಭತ್ತದ ಸುತ್ತ ಇಟ್ಟ ಕಲ್ಲುಗಳನ್ನು ರಾತ್ರಿ ಅಲ್ಲಿಯೇ ಬಿಟ್ಟುಹೋಗುವ ರೂಢಿಯನ್ನು ರೈತ ಬಂಧುಗಳು ಬಿಡಬೇಕೆಂದು ಕೈಮುಗಿದು ಕೇಳಬೇಕಾಗಿದೆ. ಪುಷ್ಯಮಾಸದಲ್ಲಿ ಗವಿಮಠದ ಜಾತ್ರೆಗೆ, ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಬೈಕಿನಲ್ಲಿ ಹೊರಡುವವರು ಅದೇ ಕತ್ತಲೆಯಲ್ಲಿ ಪಾದಯಾತ್ರಿಗಳೂ ನಡೆಯುತ್ತಿರುತ್ತಾರೆಂಬುದನ್ನು ನೆನಪಿಡಬೇಕು.

ಬ್ರೇಕಿನ ವಿಷಯದಲ್ಲಿ ಸಣ್ಣ ಗಾಡಿ ಹಿಂದೆ ಬಿದ್ದಿದೆ. 2018–19ರಲ್ಲಿ ಜಾರಿಗೆ ಬಂದ ಕೇಂದ್ರ ನಿಯಮದಂತೆ 125 ಸಿಸಿಗಿಂತ ಹೆಚ್ಚಿನ ಬೈಕುಗಳಿಗೆ, ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. 125 ಮತ್ತು ಅದಕ್ಕಿಂತ ಕಡಿಮೆಯವಕ್ಕೆ, ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಗಳಿಗೆ ಹಿಡಿತ ಸಿಗುವ ಸಿಬಿಎಸ್ ವ್ಯವಸ್ಥೆ ಸಾಕೆಂದಾಯಿತು. ಅದಕ್ಕೂ ಹಳೆಯ ಸಾವಿರಾರು ಗಾಡಿಗಳಲ್ಲಿ ಎರಡೂ ಇಲ್ಲ. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದಲ್ಲಿದ್ದರೂ, ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೇವೆಂಬ ಹೆದರಿಕೆಯಿಂದ ಹಿಂದಿನದನ್ನಷ್ಟೇ ತುಳಿಯುವವರೇ ಬಹಳ. ನೇರ ರಸ್ತೆಯಲ್ಲಿ ಎರಡನ್ನೂ ಒಟ್ಟಿಗೆ, ಹದವಾಗಿ ಹಿಡಿಯುವುದನ್ನು ಖಾಲಿ ಜಾಗದಲ್ಲಿ ಅಭ್ಯಾಸ ಮಾಡಬೇಕು.

ಹಾಗಾದರೆ ಮಗ ಕೇಳುವ ಶಕ್ತಿಯುತ ಬೈಕಿನ ಅಪಾಯ ಎಲ್ಲಿದೆ? ವೇಗದಲ್ಲಿದೆ. 2022ರಲ್ಲಿ ದೇಶದ ರಸ್ತೆ ಸಾವುಗಳಲ್ಲಿ ನೂರಕ್ಕೆ 71ಕ್ಕೆ ಮಿತಿಮೀರಿದ ವೇಗವೇ ಕಾರಣವೆಂದು ದಾಖಲಾಗಿದೆ. ಅಡ್ಡ ಬಂದ ಎಮ್ಮೆಯನ್ನು ಕಂಡು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡು ಹಿಡಿಯುತ್ತದೆಂದು ಭಾವಿಸಿದರೆ, ಒಳ್ಳೆಯ ಬ್ರೇಕು, ಒಣ ರಸ್ತೆ ಇದ್ದೂ 40ರ ವೇಗದ ಬೈಕು ನಿಲ್ಲಲು ಸುಮಾರು 27 ಮೀಟರ್ ಬೇಕು. 60ಕ್ಕೆ 48 ಮೀಟರ್, 80ಕ್ಕೆ 75 ಮೀಟರ್. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಸ್ಪ್ಲೆಂಡರಿಗೂ 80ರ ವೇಗ ಸಾಧ್ಯ. ಆದರೆ ಅಲ್ಲಿಗೆ ಮುಟ್ಟಲು ಅದು ಏದುಸಿರು ಬಿಡುತ್ತದೆ, ಸವಾರನಿಗೆ ಎಚ್ಚರಗೊಳ್ಳಲು ಸಮಯ ಕೊಡುತ್ತದೆ. ಹಗುರವಾದ ಶಕ್ತಿಶಾಲಿ ಬೈಕು ಆ ಸಮಯವನ್ನು ಕೊಡುವುದಿಲ್ಲ. ಹದಿನೆಂಟು ತುಂಬಿದ, ಎರಡು ಮೂರು ವರ್ಷ ಸಣ್ಣ ಗಾಡಿಯಲ್ಲಿ ಪಳಗಿದ ಕೈಗೆ ಅದನ್ನು ಕೊಡುವುದು ಒಂದು ವಿಚಾರ. ಪರೀಕ್ಷೆಯ ಬಹುಮಾನವೆಂದು ಹೊಸಬನ ಕೈಗೆ ಕೊಡುವುದು ಬೇರೆಯೇ ವಿಚಾರ.

ವಯಸ್ಸಿನ ಬಗೆಗೆ ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆ 16 ತುಂಬಿದವರಿಗೆ 50 ಸಿಸಿ ಮೀರದ ಗಾಡಿಯನ್ನಷ್ಟೇ ಅನುಮತಿಸುತ್ತದೆ. ಎಕ್ಸ್‌ಎಲ್ ಕೂಡ ಆ ಮಿತಿಯ ಎರಡರಷ್ಟು ಹತ್ತಿರವಿದೆ! ಹೀಗಾಗಿ ಹೈಸ್ಕೂಲಿನ ಹುಡುಗ ಹೊಲಕ್ಕೆ ಬುತ್ತಿ ಒಯ್ಯಲೆಂದು ಅದನ್ನು ರಸ್ತೆಗಿಳಿಸಿದರೂ ಅದು ಅಪರಾಧವೇ. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೂ ಮಾಲೀಕರಿಗೂ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು.

ಈಗ ತಲೆಯ ವಿಚಾರ. ಬೈಕಿನ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ 20 ಕಿಲೊಮೀಟರಿನಷ್ಟು ವೇಗ ಪಡೆದಿರುತ್ತದೆ. ಗಾಡಿ ನಿಂತಂತೆಯೇ ಇದ್ದರೂ ಇಷ್ಟು. ಹಂಪಿನಲ್ಲಿ ಕುಲುಕಿ ಹಿಂದಿನಿಂದ ಉರುಳಿದ ಅಜ್ಜಿಯ ತಲೆಗೂ ಇದೇ ಲೆಕ್ಕ, ಅಡ್ಡ ಕುಳಿತು ಸೆರಗು ಚಕ್ರಕ್ಕೆ ಸಿಕ್ಕ ತಾಯಿಗೂ ಇದೇ ಲೆಕ್ಕ. ಡಾಂಬರಿಗೆ ಬಡಿದ ತಲೆಬುರುಡೆ ತಟ್ಟನೆ ನಿಲ್ಲುತ್ತದೆ. ಒಳಗಿನ ಮೆದುಳು ನಿಲ್ಲದೆ ಗೋಡೆಗೆ ಅಪ್ಪಳಿಸುತ್ತದೆ, ರಕ್ತನಾಳಗಳು ಹರಿಯುತ್ತವೆ. ಹೆಲ್ಮೆಟ್ಟಿನೊಳಗಿನ ಥರ್ಮೊಕೋಲಿನಂಥ ಪದರ ತಾನು ಜಜ್ಜಿಹೋಗಿ ಆ ನಿಲುಗಡೆಯನ್ನು ಒಂದಿಷ್ಟು ಲಂಬಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ನೂರಕ್ಕೆ 42ರಷ್ಟು, ತಲೆಯ ಗಾಯವನ್ನು 69ರಷ್ಟು ತಗ್ಗಿಸುತ್ತದೆಂದು ಕಂಡುಬಂದಿದೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಐಎಸ್‌ಐ ಗುರುತಿರುವ, ಗದ್ದದ ಪಟ್ಟಿ ಬಿಗಿದ ಹೆಲ್ಮೆಟ್ ಬೇಕು. ಪಟ್ಟಿ ಕಟ್ಟದಿದ್ದರೆ ಅದು ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು ಮತ್ತೆ ಧರಿಸಬಾರದು. ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಕಾನೂನು ಅದನ್ನು ಕಡ್ಡಾಯ ಮಾಡಿದೆ.

ಸಣ್ಣ ಗಾಡಿಯಿಂದ ಬಿದ್ದವರಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಸ್ಥಿತಿಯಿದೆ. ಬಿದ್ದವರು ಎದ್ದು ಕೂರುತ್ತಾರೆ, ಧೂಳು ಕೊಡವಿಕೊಳ್ಳುತ್ತಾರೆ, “ಏನೂ ಆಗಿಲ್ಲ, ಎಕ್ಸ್‌ಎಲ್ ಅಲ್ಲವೇ” ಎಂದು ಚಹಾ ಕುಡಿದು ಮನೆಗೆ ಹೋಗುತ್ತಾರೆ. ತಲೆಬುರುಡೆಯ ಒಳಮೈಗೆ ಅಂಟಿದ ರಕ್ತನಾಳ ಹರಿದಿದ್ದರೆ ಒಳಗೆ ರಕ್ತ ನಿಧಾನವಾಗಿ ಸೇರುತ್ತಿರುತ್ತದೆ. ಕೆಲವು ತಾಸುಗಳ ನಂತರ ಪ್ರಜ್ಞೆ ತಪ್ಪುತ್ತದೆ. ಏರುತ್ತಲೇ ಇರುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ತೊದಲು ಮಾತು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಒಂದು ಬದಿಯ ಕೈಕಾಲು ಸೋಲುವುದು — ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಕುಡಿದಿದ್ದಾನೆ, ಅದಕ್ಕೇ ಮಲಗಿದ್ದಾನೆ ಎಂದು ಬಿಟ್ಟುಬಿಡುವುದು ಅತ್ಯಂತ ಅಪಾಯದ ಊಹೆ. ತಲೆಯ ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಬೇಕಾದೀತು. ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರಸ್ತೆಯಲ್ಲಿ ಬಿದ್ದವರನ್ನು ಕಂಡವರು 108ಕ್ಕೆ ಕರೆ ಮಾಡಿ, ಅವರ ಕುತ್ತಿಗೆ ಅಲುಗದಂತೆ ನೋಡಿಕೊಳ್ಳಬೇಕು. ಅರೆಪ್ರಜ್ಞೆಯಲ್ಲಿದ್ದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯಬಹುದು. ಕಾಯ್ದೆಯ 134ಎ ಕಲಮು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಪೊಲೀಸ್ ಠಾಣೆಯ ಅಲೆದಾಟಕ್ಕೆ ಅಂಜಿ ಹಿಂದೆ ಸರಿಯಬೇಕಾಗಿಲ್ಲ. 2025ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಂತೆ ಅಪಘಾತದ ದಿನದಿಂದ ಏಳು ದಿನಗಳವರೆಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಗೆ ಮುಟ್ಟಿದಾಗ ವೈದ್ಯರಿಗೆ ಹೇಳಬೇಕಾದದ್ದು ಇಷ್ಟು: ಎಷ್ಟು ಹೊತ್ತಿಗೆ ಬಿದ್ದರು, ಹೆಲ್ಮೆಟ್ ಇತ್ತೇ, ಎಚ್ಚರ ತಪ್ಪಿತ್ತೇ, ತಪ್ಪಿದ್ದರೆ ಎಷ್ಟು ನಿಮಿಷ, ಎಷ್ಟು ಸಲ ವಾಂತಿಯಾಯಿತು, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ನುಂಗುತ್ತಿದ್ದಾರೆಯೇ.